ಆರ್ಸೆನಲ್‌ಗೆ ಸ್ಟ್ರೈಕರ್ ಬೇಕು ಸರಿ, ಅವನಿಗೆ ಚೆಂಡು ಕೊಡುವವರು ಯಾರು?

ಹತ್ತನೇ ನಂಬರ್:

2025ರ ಮೇ ತಿಂಗಳಲ್ಲಿ 2024-25 ಸೀಸನ್ ಮುಗಿಯಿತು. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮ ಆರ್ಸೆನಲ್‌ಗೆ ಸತತ ಮೂರನೇ ಸಲ ಎರಡನೇ ಸ್ಥಾನ. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಒಬ್ಬ ಒಳ್ಳೆ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನನ್ನು, ತಂದುಬಿಟ್ಟರೆ ಆಯ್ತು, ಲೀಗ್ ನಮ್ಮದೇ. ಸ್ಟ್ರೈಕರ್ ಬೇಕು ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ಈಗ ಆಡುತ್ತಿರುವ ಹಾಗೇ ಆಡಿದರೆ, ಬಂದವನಿಗೆ ಚೆಂಡು ಸಿಗುವುದೇ ಕಷ್ಟ. ಇದನ್ನು ಸ್ವಲ್ಪ ಕೂತು ಮಾತಾಡೋಣ.

ಮೊದಲು ಲೆಕ್ಕ ನೋಡಿ. 2023-24ರಲ್ಲಿ ಲೀಗ್‌ನಲ್ಲಿ 91 ಗೋಲು, 89 ಪಾಯಿಂಟ್. ಈ ಸಲ 69 ಗೋಲು, 74 ಪಾಯಿಂಟ್. ಒಂದೇ ವರ್ಷದಲ್ಲಿ 22 ಗೋಲು ಕಡಿಮೆ. ಸೋತಿದ್ದು ಬರೀ 4 ಪಂದ್ಯ, ಚಾಂಪಿಯನ್ ಆದ ಲಿವರ್‌ಪೂಲ್ ಸೋತಿದ್ದೂ ಅಷ್ಟೇ. ಆದರೆ ನಮ್ಮ ಡ್ರಾಗಳು 14, ಅವರದು 9. ಅವರು 86 ಗೋಲು ಹೊಡೆದರು. ನಾವು ಲೀಗ್ ಕಳೆದುಕೊಂಡಿದ್ದು ಈ ಡ್ರಾಗಳಲ್ಲಿ.

ಇಷ್ಟು ನೋಡಿದರೆ ಸ್ಟ್ರೈಕರ್ ಇಲ್ಲದ್ದೇ ಕಾರಣ ಅನ್ನಿಸುತ್ತದೆ. ಹಾಗಾದರೆ 91 ಗೋಲು ಬಂದ ವರ್ಷ ನಮ್ಮಲ್ಲಿ ಯಾವ ಸ್ಟ್ರೈಕರ್ ಇದ್ದ? ಸಾಕಾ 16, ಹಾವರ್ಟ್ಜ್ 13, ಟ್ರೊಸಾರ್ 12. ಅದಕ್ಕೂ ಹಿಂದಿನ ವರ್ಷ 88 ಗೋಲು. ಆಗ ಓಡೆಗಾರ್ಡ್ ಮತ್ತು ಮಾರ್ಟಿನೆಲ್ಲಿ ತಲಾ 15, ಸಾಕಾ 14, ಮುಂದೆ ಆಡುತ್ತಿದ್ದ ಜೆಸುಸ್ 11. ಅಂದರೆ ಗೋಲು ಹಂಚಿಕೊಂಡು ಹೊಡೆಯುವ ತಂಡ ಇದು. ಹಂಚಿಕೊಳ್ಳುವ ವ್ಯವಸ್ಥೆಯೇ ಈ ವರ್ಷ ಕೈಕೊಟ್ಟಿತು.

ಈ ಸೀಸನ್‌ನ ಒಂದು ಮಾಮೂಲಿ ದಾಳಿಯನ್ನು ನೆನಪಿಸಿಕೊಳ್ಳಿ. ನಮ್ಮ ಡಿಫೆಂಡರ್ ಸಲಿಬಾ ಹತ್ತಿರ ಚೆಂಡು. ಎದುರಾಳಿಗಳೆಲ್ಲ ತಮ್ಮ ಬಾಕ್ಸ್ (ಗೋಲಿನ ಎದುರಿನ ಚೌಕ) ಮುಂದೆ ಎರಡು ಸಾಲಾಗಿ ನಿಂತಿದ್ದಾರೆ. ಸಲಿಬಾ ಟಿಂಬರ್‌ಗೆ, ಟಿಂಬರ್ ಸಾಕಾಗೆ. ಸಾಕಾ ಎದುರು ಆಗಲೇ ಇಬ್ಬರು ಬಂದು ನಿಂತಿರುತ್ತಾರೆ. ಅವನು ಚೆಂಡು ನಿಲ್ಲಿಸಿ ಹಿಂದಕ್ಕೆ ಓಡೆಗಾರ್ಡ್‌ಗೆ ಕೊಡುತ್ತಾನೆ. ಓಡೆಗಾರ್ಡ್ ರೈಸ್‌ಗೆ, ರೈಸ್ ಎಡಗಡೆಗೆ. ಅಲ್ಲೂ ಅದೇ ಕಥೆ. ಚೆಂಡು ಬಾಕ್ಸ್ ಸುತ್ತ ಪ್ರದಕ್ಷಿಣೆ ಹಾಕುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ಇಷ್ಟರಲ್ಲಿ ಅವರ ಡಿಫೆಂಡರ್‌ಗಳು ಉಸಿರು ತಗೊಂಡು ತಮ್ಮ ತಮ್ಮ ಜಾಗಕ್ಕೆ ಬಂದಾಗಿರುತ್ತದೆ.

ಇಂಥ ದಾಳಿಯ ಮಧ್ಯೆ ನೀವು ಯಾರನ್ನೇ ತಂದು ನಿಲ್ಲಿಸಿ. ಅವನು ತೊಂಬತ್ತು ನಿಮಿಷ ಕೈ ಎತ್ತಿ ಚೆಂಡು ಕೇಳುತ್ತಲೇ ಇರುತ್ತಾನೆ. ನನ್ನ ಪ್ರಕಾರ ಮೊದಲು ಸರಿಯಾಗಬೇಕಾದ್ದು ವೇಗ. ಚೆಂಡು ಸಿಕ್ಕ ಮೇಲೆ ಮೊದಲ ಎರಡು ಮೂರು ಪಾಸ್ ಮುಂದಕ್ಕೆ ಹೋಗಬೇಕು. ನೀವೇನಂತೀರಿ?

ಹಳೇ ಹೈಬರಿ:

ಹತ್ತನೇ ನಂಬರ್ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ವಿಷಯವನ್ನು ಸುಮ್ನೆ ಕಷ್ಟ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಚೆಂಡು ಬಾಕ್ಸ್‌ಗೆ ಹೋಗದೇ ಇದ್ದ ಪಂದ್ಯಗಳು ಇದ್ದವು, ನಿಜ. ಆದರೆ ಹೋಗಿಯೂ ಗೋಲಾಗದ ಪಂದ್ಯಗಳು ಎಷ್ಟು? ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹತ್ತು ಜನರಲ್ಲಿ ಆಡುತ್ತಿತ್ತು. ನಮ್ಮ ಮನೆ ಮೈದಾನ. ಪೆನಾಲ್ಟಿ ಸಿಕ್ಕಿತು, ಅದೂ ಹೋಯಿತು. ಕೊನೆಗೆ ಶೂಟೌಟ್‌ನಲ್ಲಿ ಸೋತೆವು. ಅದೇ ಪಂದ್ಯದಲ್ಲಿ ಜೆಸುಸ್‌ನನ್ನೂ ಮಂಡಿ ಗಾಯಕ್ಕೆ ಕಳೆದುಕೊಂಡೆವು. ಲೀಗ್ ಕಪ್ ಸೆಮಿಫೈನಲ್‌ನಲ್ಲಿ ನ್ಯೂಕ್ಯಾಸಲ್ ಎರಡೂ ಲೆಗ್‌ನಲ್ಲಿ, ಅಂದರೆ ಎರಡೂ ಪಂದ್ಯದಲ್ಲಿ, ನಮ್ಮನ್ನು 2-0 ಸೋಲಿಸಿತು. ಮೊದಲ ಲೆಗ್‌ನಲ್ಲಿ ನಮಗೆ ಅವಕಾಶಗಳಿಗೇನೂ ಬರ ಇರಲಿಲ್ಲ. ಅವರ ಹತ್ತಿರ ಇಸಾಕ್‌ನಂಥ ಸ್ಟ್ರೈಕರ್ ಇದ್ದ, ನಮ್ಮ ಹತ್ತಿರ ಇರಲಿಲ್ಲ. ವ್ಯತ್ಯಾಸ ಇಷ್ಟೇ.

2003-04ರ ನಮ್ಮ ಅಜೇಯ ತಂಡ ಲೀಗ್‌ನಲ್ಲಿ ಹೊಡೆದಿದ್ದು 73 ಗೋಲು. ಈ ವರ್ಷದ 69ಕ್ಕಿಂತ ಬರೀ ನಾಲ್ಕು ಜಾಸ್ತಿ. ಆದರೆ ಅದರಲ್ಲಿ 30 ಗೋಲು ಸ್ಟ್ರೈಕರ್ ಆನ್ರಿ ಒಬ್ಬನದು. ಪಂದ್ಯ 0-0 ಇದ್ದಾಗ, ಎಪ್ಪತ್ತನೇ ನಿಮಿಷ ದಾಟಿದಾಗ, ಚೆಂಡು ಯಾರಿಗೆ ಕೊಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಆ ಹೊತ್ತಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲೀಗ್ ಗೆಲ್ಲಲು ಗೋಲುಗಳ ಒಟ್ಟು ಲೆಕ್ಕಕ್ಕಿಂತ ಬೇಕಾದ ಹೊತ್ತಲ್ಲಿ ಬರುವ ಒಂದು ಗೋಲು ಮುಖ್ಯ ಅಲ್ವಾ?

ಕಾರ್ನರ್ ಧ್ವಜ:

14 ಡ್ರಾ ಅಂತ ಒಂದೇ ಗಂಟಲ್ಲಿ ಕಟ್ಟಬೇಡಿ. ಬಿಚ್ಚಿ ನೋಡಿ. ಬ್ರೈಟನ್ ಜೊತೆ ಆಗಸ್ಟ್‌ನಲ್ಲಿ 1-1, ಆಗ ರೈಸ್‌ಗೆ ರೆಡ್ ಕಾರ್ಡ್. ಮ್ಯಾಂಚೆಸ್ಟರ್ ಸಿಟಿ ಜೊತೆ 2-2, ಟ್ರೊಸಾರ್‌ಗೆ ರೆಡ್ ಕಾರ್ಡ್, ಇಡೀ ಎರಡನೇ ಅರ್ಧ ಹತ್ತು ಜನ ಗೋಡೆ ಥರ ನಿಂತು, ಕೊನೆಯ ಗಳಿಗೆಯಲ್ಲಿ ಸ್ಟೋನ್ಸ್ ಗೋಲು. ಇವೆರಡಕ್ಕೂ ಸ್ಟ್ರೈಕರ್‌ಗೂ ಏನು ಸಂಬಂಧ? ಆಸ್ಟನ್ ವಿಲ್ಲಾ ಜೊತೆ 2-0 ಮುಂದಿದ್ದು 2-2 ಮಾಡಿಕೊಂಡೆವು. ಅದು ಡಿಫೆನ್ಸ್ ಕಥೆ.

ಸ್ಟ್ರೈಕರ್ ಇಲ್ಲದ ನೋವು ಎದ್ದು ಕಂಡಿದ್ದು ಎವರ್ಟನ್ ಜೊತೆಗಿನ 0-0ಯಲ್ಲಿ, ಫಾರೆಸ್ಟ್ ಜೊತೆಗಿನ 0-0ಯಲ್ಲಿ, ಮನೆಯಲ್ಲಿ ವೆಸ್ಟ್ ಹ್ಯಾಮ್‌ಗೆ 0-1 ಸೋತಾಗ. ಫೆಬ್ರವರಿಯ ಆ ಎರಡು ಪಂದ್ಯಗಳಲ್ಲಿ, ವೆಸ್ಟ್ ಹ್ಯಾಮ್ ಮತ್ತು ಫಾರೆಸ್ಟ್, ಮುಂದೆ ಆಡಿದ್ದು ಮೆರಿನೊ, ಮಿಡ್‌ಫೀಲ್ಡರ್. ಹಾವರ್ಟ್ಜ್ ದುಬೈ ಕ್ಯಾಂಪ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಕಿತ್ತುಕೊಂಡಿದ್ದ. ಸಾಕಾ ಡಿಸೆಂಬರ್‌ನಿಂದಲೇ ಇರಲಿಲ್ಲ. ಮಾರ್ಟಿನೆಲ್ಲಿಯೂ ಆಗ ಗಾಯಾಳು. ಇಂಥ ಸ್ಥಿತಿಯಲ್ಲಿ ಯಾವ ಕೋಚ್ ಏನು ತಂತ್ರ ಮಾಡಿಯಾನು? ಫೆಬ್ರವರಿಯಲ್ಲೇ ಗಾಯಗೊಂಡ ಹಾವರ್ಟ್ಜ್ 9 ಗೋಲಿನೊಂದಿಗೆ ಸೀಸನ್ ಮುಗಿಯುವವರೆಗೂ ಲೀಗ್‌ನಲ್ಲಿ ನಮ್ಮ ಟಾಪ್ ಸ್ಕೋರರ್ ಆಗಿ ಉಳಿದ. ಬೇಸರ ಆಗುತ್ತದೆ.

ಇನ್ನೊಂದು. ನಮ್ಮ ದಾಳಿ ಅಂದರೆ ಕಾರ್ನರ್ ಕೂಡ. ಸ್ಪರ್ಸ್ ಮೈದಾನದಲ್ಲಿ ಗೆದ್ದ 1-0, ಗ್ಯಾಬ್ರಿಯೆಲ್ ಹೆಡರ್. ಯುನೈಟೆಡ್ ವಿರುದ್ಧ 2-0, ಎರಡೂ ಕಾರ್ನರ್‌ನಿಂದ. ಮಾರ್ಚ್‌ನಲ್ಲಿ ಚೆಲ್ಸಿ ವಿರುದ್ಧ 1-0, ಮತ್ತೆ ಕಾರ್ನರ್, ಮೆರಿನೊ ತಲೆ. ಕಾರ್ನರ್‌ಗಳ ಕೋಚ್ ನಿಕೊಲಾ ಜೋವೆರ್ ಕಲಿಸಿದ ಈ ಪಾಠ ಇಲ್ಲದಿದ್ದರೆ ಎರಡನೇ ಸ್ಥಾನವೂ ಸಿಗುತ್ತಿರಲಿಲ್ಲ.

ಹತ್ತನೇ ನಂಬರ್:

@ಕಾರ್ನರ್ ಧ್ವಜ, ಗಾಯಗಳ ಮಾತು ಒಪ್ಪಿದೆ. ಬಲಗಡೆ ಬೆನ್ ವೈಟ್, ಓಡೆಗಾರ್ಡ್, ಸಾಕಾ ಮೂವರೂ ಸೇರಿ ಆಡುತ್ತಿದ್ದ ಆಟವೇ ನಮ್ಮ ಎಂಜಿನ್. ವೈಟ್ ಹೊರಗಿನಿಂದ ಓಡುತ್ತಿದ್ದ, ಒಬ್ಬ ಡಿಫೆಂಡರ್ ಅವನ ಹಿಂದೆ ಹೋಗಲೇಬೇಕಿತ್ತು, ಆಗ ಸಾಕಾ ಒಳಗೆ ತಿರುಗುತ್ತಿದ್ದ. ಈ ವರ್ಷ ಓಡೆಗಾರ್ಡ್ ಸೆಪ್ಟೆಂಬರ್‌ನಲ್ಲಿ ನಾರ್ವೆಗೆ ಆಡಲು ಹೋಗಿ ಪಾದದ ಗಂಟು ನೋಯಿಸಿಕೊಂಡು ಬಂದ. ವೈಟ್‌ಗೆ ಮಂಡಿ ಆಪರೇಷನ್. ಸಾಕಾಗೆ ಹ್ಯಾಮ್‌ಸ್ಟ್ರಿಂಗ್ ಆಪರೇಷನ್. ಮೂವರೂ ಒಟ್ಟಿಗೆ ಸಿಕ್ಕ ಪಂದ್ಯಗಳು ತುಂಬಾ ಕಡಿಮೆ.

ಆದರೆ ಇದೇ ನನ್ನ ದೂರು. ಒಂದು ಬದಿ ನಿಂತರೆ ಇಡೀ ಗಾಡಿ ನಿಲ್ಲುವ ಹಾಗೆ ಯಾಕೆ ಕಟ್ಟಿದರು? ಮಧ್ಯದಿಂದ ಒಂದು ದಾರಿ ಇರಬೇಕಿತ್ತು. @ಹಳೇ ಹೈಬರಿ ಸರ್, ಆನ್ರಿಗೆ ಪಾಸ್ ಕೊಡಲು ಬರ್ಗ್‌ಕ್ಯಾಂಪ್, ಪಿರೆಸ್, ವಿಯೆರಾ ಇದ್ದರು. ಚೆಂಡು ಕಸಿದ ಮರುಕ್ಷಣ ಮುಂದೆ ನೋಡುತ್ತಿದ್ದರು. ಆನ್ರಿಯನ್ನು ಈಗಿನ ನಿಧಾನದ ಆಟದಲ್ಲಿ ನಿಲ್ಲಿಸಿದ್ದರೆ 30 ಗೋಲು ಬರುತ್ತಿತ್ತಾ? ನನಗೆ ಅನುಮಾನ.

ನಾಲ್ಕನೇ ನಂಬರ್ ಜರ್ಸಿ:

ನಾನು ವಾರದ ಕೊನೆಯಲ್ಲಿ ಗೆಳೆಯರ ತಂಡಕ್ಕೆ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಎದುರು ನಡುವೆ ನಿಲ್ಲುವ ಡಿಫೆಂಡರ್, ಆಡುವವನು. ದೊಡ್ಡ ಆಟ ಅಲ್ಲ, ಆದರೆ ಈ ಜಾಗದಿಂದ ಕಾಣುವುದನ್ನು ಹೇಳುತ್ತೇನೆ.

ಎದುರಾಳಿ ಸ್ಟ್ರೈಕರ್ ಒಬ್ಬ ನನ್ನ ಬೆನ್ನ ಹಿಂದೆ, ಭುಜದ ಅಂಚಿಗೆ ನಿಂತರೆ ನನಗೆ ನೆಮ್ಮದಿ ಇರುವುದಿಲ್ಲ. ಚೆಂಡು ನೋಡಬೇಕು, ಅವನನ್ನೂ ನೋಡಬೇಕು. ಎರಡೂ ಒಂದೇ ಕಡೆ ಇರುವುದಿಲ್ಲ. ಒಂದು ಕೈ ಹಿಂದೆ ಚಾಚಿ ಅವನ ಜರ್ಸಿ ಮುಟ್ಟುತ್ತಾ ಇರುತ್ತೇನೆ, ಅವನು ಇನ್ನೂ ಅಲ್ಲೇ ಇದ್ದಾನಾ ಅಂತ. ಆ ಹೊತ್ತಲ್ಲಿ ಸ್ಟ್ರೈಕರ್ ಹಿಂದೆ ಆಡುವ ಅವರ ಹತ್ತನೇ ನಂಬರಿನವನು ನನ್ನ ಮುಂದೆ ಖಾಲಿ ಜಾಗದಲ್ಲಿ ಚೆಂಡು ತಗೊಂಡರೆ ನಾನು ಮುಂದೆ ಹೋಗುವ ಹಾಗಿಲ್ಲ. ಹೋದರೆ ಹಿಂದಿನವನು ಓಡಿಬಿಡುತ್ತಾನೆ.

ಅದೇ ಅವರ ಮುಂದಿನ ಆಟಗಾರ ಕೆಳಗಿಳಿದು ಮಿಡ್‌ಫೀಲ್ಡ್‌ಗೆ ಹೋದ ಅಂದುಕೊಳ್ಳಿ. ಬೇರೆ ಯಾರೂ ಆ ಜಾಗಕ್ಕೆ ಬರಲಿಲ್ಲ. ಆಗ ನನ್ನ ಕೆಲಸ ಸಲೀಸು. ಎರಡು ಹೆಜ್ಜೆ ಮುಂದೆ ಬರುತ್ತೇನೆ, ಎಲ್ಲವೂ ಕಣ್ಣ ಮುಂದೆ. ಬದಿಯಿಂದ ಬಾಕ್ಸ್‌ಗೆ ಕ್ರಾಸ್ ಬಂದರೆ ತಲೆ ಕೊಟ್ಟು ಆಚೆ ಕಳಿಸುತ್ತೇನೆ. ಈ ವರ್ಷ ಆರ್ಸೆನಲ್ ವಿರುದ್ಧ ಆಡಿದ ಎಷ್ಟೋ ಸೆಂಟರ್ ಬ್ಯಾಕ್‌ಗಳ ಆಟ ಅಷ್ಟು ಆರಾಮಾಗಿತ್ತು.

ಅದಕ್ಕೇ ಸ್ಟ್ರೈಕರ್ ಎಷ್ಟು ಗೋಲು ಹೊಡೆಯುತ್ತಾನೆ ಅನ್ನುವುದೊಂದೇ ನೋಡಬೇಡಿ. ಅವನು ಇಬ್ಬರು ಡಿಫೆಂಡರ್‌ಗಳನ್ನು ಕಟ್ಟಿಹಾಕಿದರೆ ಓಡೆಗಾರ್ಡ್‌ಗೆ ಐದು ಗಜ ಜಾಗ ಸಿಗುತ್ತದೆ. ಹತ್ತನೇ ನಂಬರ್ ಅವರು ಹೇಳುವ ವೇಗದ ಪಾಸ್ ಬರಬೇಕಾದರೂ ಮುಂದೆ ಒಬ್ಬ ಓಡುವವನು ಇರಬೇಕಲ್ಲ. ಕೊಡುವವನು ಯಾರು ಅಂತ ಕೇಳಿದಿರಿ. ತಗೊಳ್ಳುವವನು ಇಲ್ಲದೆ ಯಾರು ಕೊಡುತ್ತಾರೆ?

ಮೂರನೇ ಓಟ:

2018ರ ವಿಶ್ವಕಪ್‌ನ ಜಿರೂ ನೆನಪಾದ. ಫ್ರಾನ್ಸ್ ಚಾಂಪಿಯನ್, ಅವರ ಸ್ಟ್ರೈಕರ್ ಇಡೀ ಟೂರ್ನಿಯಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಆದರೂ ಕೋಚ್ ದೆಶಾಂ ಅವನನ್ನು ಬಿಡಲಿಲ್ಲ. ಅವನು ಡಿಫೆಂಡರ್‌ಗಳ ಜೊತೆ ಗುದ್ದಾಡಿದ್ದರಿಂದ ಎಂಬಾಪೆಗೂ ಗ್ರೀಝ್‌ಮನ್‌ಗೂ ಜಾಗ ಸಿಕ್ಕಿತು. ನಾವು ಆರ್ಸೆನಲ್‌ನಲ್ಲಿ ಜಿರೂನನ್ನು ಎಷ್ಟು ಬೈದಿದ್ದೆವು.

ಆದರೆ ಎದುರಿನ ವಾದವನ್ನೂ ಇಡುತ್ತೇನೆ. ಮೇ 31ರಂದು ಮ್ಯೂನಿಕ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಇಟಲಿಯ ಇಂಟರ್ ಅನ್ನು 5-0 ಹೊಡೆದು ಯುರೋಪ್‌ನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದಿತು. ಎಂಬಾಪೆ ಬಿಟ್ಟುಹೋದ ವರ್ಷವೇ. ಮುಂದೆ ಆಡಿದ್ದು ಡೆಂಬೆಲೆ, ಬದಿಯಲ್ಲಿ ಆಡುವ ವಿಂಗರ್. ಇನ್ನೂ ಹಿಂದೆ ಹೋದರೆ ಸಿಟಿ. 2021-22ರಲ್ಲಿ ಸ್ಟ್ರೈಕರ್ ಅಗ್ವೆರೋ ಹೋಗಿದ್ದ, ಸ್ಟ್ರೈಕರ್ ಹಾಲಂಡ್ ಇನ್ನೂ ಬಂದಿರಲಿಲ್ಲ. 99 ಗೋಲು, 93 ಪಾಯಿಂಟ್, ಚಾಂಪಿಯನ್. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಡಿ ಬ್ರೂಯ್ನದು, 15. ಮರುವರ್ಷ ಹಾಲಂಡ್ ಬಂದ, ಒಬ್ಬನೇ 36 ಗೋಲು ಹೊಡೆದ. ತಂಡದ ಒಟ್ಟು ಎಷ್ಟಾಯಿತು? 94. ಪಾಯಿಂಟ್ 89. ಎರಡೂ ಕಡಿಮೆಯೇ ಆದವು!

2012ರ ಯೂರೋ ಫೈನಲ್‌ನಲ್ಲಿ ಸ್ಪೇನ್ ಫಾಬ್ರೆಗಾಸ್‌ನನ್ನು ಮುಂದೆ ನಿಲ್ಲಿಸಿ ಇಟಲಿಯನ್ನು 4-0 ಸೋಲಿಸಿತು. 2009ರಲ್ಲಿ ಮೆಸ್ಸಿಯನ್ನು ಮಧ್ಯಕ್ಕೆ ತಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ನ ಮೈದಾನ ಬೆರ್ನಬ್ಯೂನಲ್ಲಿ 6-2 ಗೆದ್ದಿತು. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿಯ ಹಿಡೆಗ್ಕುಟಿ ಒಂಬತ್ತನೇ ನಂಬರ್ ಹಾಕಿಕೊಂಡು ಕೆಳಗಿಳಿದು ಆಡಿದ, ಇಂಗ್ಲೆಂಡ್‌ನ ಸೆಂಟರ್ ಹಾಫ್‌ಗೆ ಯಾರನ್ನು ಹಿಡಿಯಬೇಕೋ ತಿಳಿಯಲಿಲ್ಲ. 6-3. ಮೂರು ಗೋಲು ಹಿಡೆಗ್ಕುಟಿಯದೇ. ಸ್ಟ್ರೈಕರ್ ಇಲ್ಲದೆಯೂ ಲೋಕ ಗೆದ್ದವರಿದ್ದಾರೆ.

ಹಳೇ ಹೈಬರಿ:

ಸಿಟಿಯ ಆ ಎರಡು ವರ್ಷಗಳ ಲೆಕ್ಕ ಪೂರ್ತಿ ಹೇಳಿ. ಹಾಲಂಡ್ ಬಂದ ವರ್ಷ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಗೆದ್ದರು. ಅದಕ್ಕೆ ಮುಂಚೆ ಎಷ್ಟು ವರ್ಷ ಯುರೋಪ್‌ನಲ್ಲಿ ಕೊನೆಗೆ ಬಂದು ಎಡವುತ್ತಿದ್ದರು! ಗೋಲು ಕಡಿಮೆ ಆಗಿರಬಹುದು, ಕಪ್ ಜಾಸ್ತಿ ಆಯಿತು.

ಹೊಸ ಬೂಟು:

ಎಲ್ಲರಿಗೂ ನಮಸ್ಕಾರ. ನಾನು ಈಚೆಗಷ್ಟೇ ಫುಟ್‌ಬಾಲ್ ನೋಡಲು ಶುರು ಮಾಡಿದವಳು. ಒಂದು ಪ್ರಶ್ನೆ. ಡೆಂಬೆಲೆಯೂ ಕೆಳಗೆ ಇಳಿಯುತ್ತಾನೆ, ಮೆರಿನೊನೂ ಇಳಿಯುತ್ತಾನೆ. ಪಿಎಸ್‌ಜಿಗೆ ಅದು ವರವಾಯಿತು, ನಮಗೆ ಯಾಕೆ ಆಗಲಿಲ್ಲ? ಡೆಂಬೆಲೆ ಬರೀ ಚುರುಕು ಆಟಗಾರ ಅನ್ನುವುದೇ ಕಾರಣನಾ?

ಹತ್ತನೇ ನಂಬರ್:

@ಹೊಸ ಬೂಟು, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು.

ಪಿಎಸ್‌ಜಿ ವಿರುದ್ಧ ನಮ್ಮ ಮೈದಾನದಲ್ಲೇ ನಡೆದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಮೊದಲ ಲೆಗ್‌ನ ನಾಲ್ಕನೇ ನಿಮಿಷ ಇನ್ನೊಮ್ಮೆ ನೋಡಿ. ಡೆಂಬೆಲೆ ಮೈದಾನದ ಮಧ್ಯಕ್ಕೆ ಇಳಿದು ಚೆಂಡು ತಗೊಂಡ. ನಮ್ಮ ಸೆಂಟರ್ ಬ್ಯಾಕ್‌ಗಳು ಅಷ್ಟು ದೂರ ಹಿಂಬಾಲಿಸಲಿಲ್ಲ. ತಿರುಗಿ ಎಡಕ್ಕೆ ಕ್ವಾರಾಟ್ಸ್‌ಖೇಲಿಯಾಗೆ ಕೊಟ್ಟ. ಆಮೇಲೆ ಅವನು ಮಾಡಿದ್ದು ನೋಡಿ. ಪಾಸ್ ಕೊಟ್ಟು ನಿಲ್ಲಲಿಲ್ಲ. ನೇರ ಬಾಕ್ಸ್ ಕಡೆ ಓಡಿದ. ಕ್ವಾರಾಟ್ಸ್‌ಖೇಲಿಯಾ ಡಿಫೆಂಡರ್ ಮುಂದೆ ಒಂದು ಕ್ಷಣ ಆಡಿಸಿ ಹಿಂದಕ್ಕೆ ತಳ್ಳಿದ ಚೆಂಡಿಗೆ ಡೆಂಬೆಲೆ ಸರಿಯಾದ ಹೊತ್ತಿಗೆ ಬಂದ. ಮೊದಲ ಟಚ್‌ನಲ್ಲೇ ಶಾಟ್, ಪೋಸ್ಟ್‌ಗೆ ತಾಗಿ ಒಳಗೆ. ಪಂದ್ಯದ ಒಂದೇ ಗೋಲು ಅದು.

ಸ್ಟ್ರೈಕರ್ ಜಾಗದಿಂದ ಇಳಿದು ಆಡುವ ಇಂಥವನಿಗೆ ಫಾಲ್ಸ್ ನೈನ್ ಅನ್ನುತ್ತಾರೆ, ಅವನು ಕೆಳಗಿಳಿಯುವುದು ಅರ್ಧ ಕೆಲಸ. ಅವನು ಬಿಟ್ಟ ಜಾಗಕ್ಕೆ ಯಾರೋ ಒಬ್ಬರು ನುಗ್ಗಬೇಕು, ಅಥವಾ ಅವನೇ ವಾಪಸ್ ಬರಬೇಕು. ಪಿಎಸ್‌ಜಿಯಲ್ಲಿ ಎರಡೂ ಆಗುತ್ತದೆ. ಡುವೆ ನುಗ್ಗುತ್ತಾನೆ, ಹಕೀಮಿ ರೈಟ್ ಬ್ಯಾಕ್ ಆಗಿದ್ದೂ ಒಳಗೆ ನುಗ್ಗುತ್ತಾನೆ. ಫೈನಲ್‌ನ ಮೊದಲ ಗೋಲು ಹಕೀಮಿಯದೇ ಅಲ್ವಾ? ನಮ್ಮಲ್ಲಿ ಆ ಸೆಮಿಫೈನಲ್ ಮೊದಲ ಲೆಗ್‌ಗೆ ಮಿಡ್‌ಫೀಲ್ಡರ್ ಪಾರ್ಟೆ ಇರಲಿಲ್ಲ. ಮೆರಿನೊ ಮಿಡ್‌ಫೀಲ್ಡ್‌ಗೆ ವಾಪಸ್, ಟ್ರೊಸಾರ್ ಮುಂದೆ. ಟ್ರೊಸಾರ್ ಇಳಿದು ಚೆಂಡು ತಗೊಂಡ ಎಷ್ಟೋ ಸಲ ಅವನಿಗಿಂತ ಮುಂದೆ ಮಧ್ಯದಲ್ಲಿ ನಮ್ಮವರು ಯಾರೂ ಇರುತ್ತಿರಲಿಲ್ಲ. ಸಾಕಾ ಬಲ ಗೆರೆಗೆ ಅಂಟಿಕೊಂಡು, ಮಾರ್ಟಿನೆಲ್ಲಿ ಎಡ ಗೆರೆಗೆ ಅಂಟಿಕೊಂಡು.

ನಮಗೆ ಇದು ಬರುವುದೇ ಇಲ್ಲ ಅಂತಲ್ಲ. ಬೆರ್ನಬ್ಯೂನಲ್ಲಿ 2-1 ಗೆದ್ದ ರಾತ್ರಿ ನೆನಪು ಮಾಡಿಕೊಳ್ಳಿ. ಮೆರಿನೊ ಕೆಳಗಿದ್ದು ಎರಡು ಪಾಸ್ ಕೊಟ್ಟ. ಮೊದಲನೆಯದಕ್ಕೆ ಸಾಕಾ ಒಳಗೆ ಓಡಿದ, ಕೂರ್ಟ್ವಾ ಮೇಲಿಂದ ಮೆಲ್ಲಗೆ ಎತ್ತಿಹಾಕಿದ. ಕೊನೆಯ ಗಳಿಗೆಯಲ್ಲಿ ಮಾರ್ಟಿನೆಲ್ಲಿ ಅದೇ ಥರ ಓಡಿದ. ಇಬ್ಬರು ವಿಂಗರ್‌ಗಳೂ ಗೆರೆ ಬಿಟ್ಟು ಮಧ್ಯಕ್ಕೆ ಓಡಿದರು, ಇಬ್ಬರಿಗೂ ಗೋಲು. ಆ ರಾತ್ರಿ ರಿಯಲ್ ಮ್ಯಾಡ್ರಿಡ್ ಮುಂದೆ ಬಂದು ಆಡಿತ್ತು, ಹಿಂದೆ ಜಾಗ ಇತ್ತು. ಬಾಕ್ಸ್ ಮುಂದೆ ಗೋಡೆ ಕಟ್ಟುವ ತಂಡ ಸಿಕ್ಕರೆ ನಾವು ಆ ಓಟವನ್ನೇ ಮರೆತುಬಿಡುತ್ತೇವೆ.

ಹೊಸ ಬೂಟು:

ತುಂಬಾ ಧನ್ಯವಾದ. ಆ ಗೋಲು ಈಗ ಮತ್ತೆ ನೋಡಿದೆ. ಡೆಂಬೆಲೆ ಪಾಸ್ ಕೊಟ್ಟ ಮೇಲೆ ಅವನನ್ನು ಯಾರೂ ನೋಡುತ್ತಲೇ ಇಲ್ಲ.

ಉತ್ತರ ಲಂಡನ್ ಕೆಂಪು:

ಯಾರೂ ಮಹಿಳಾ ತಂಡದ ಹೆಸರೇ ಎತ್ತುತ್ತಿಲ್ಲ. ಉತ್ತರ ನಮ್ಮ ಕ್ಲಬ್‌ನಲ್ಲೇ ಇದೆ. ಮೇ 24, ಲಿಸ್ಬನ್, ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. 0-0. ಕೋಚ್ ರೆನೆ ಸ್ಲೆಗರ್ಸ್ ಬೆಂಚ್‌ನಿಂದ ಬೆತ್ ಮೀಡ್ ಮತ್ತು ಸ್ಟಿನಾ ಬ್ಲ್ಯಾಕ್‌ಸ್ಟೀನಿಯಸ್ ಅವರನ್ನು ಕಳಿಸಿದರು. 74ನೇ ನಿಮಿಷ, ಮೀಡ್ ಪಾಸ್, ಬ್ಲ್ಯಾಕ್‌ಸ್ಟೀನಿಯಸ್ ಗೋಲು. 1-0, ಕಪ್.

ಅಲೆಸಿಯಾ ರುಸ್ಸೋ ಇಡೀ ಹೊತ್ತು ಡಿಫೆಂಡರ್‌ಗಳನ್ನು ತಳ್ಳಾಡಿ ಸುಸ್ತು ಮಾಡಿದ್ದರು. ಕೊನೆಯ ಭಾಗದಲ್ಲಿ ಇನ್ನೊಬ್ಬ ತಾಜಾ ಸ್ಟ್ರೈಕರ್ ಬಂದು ಹಿಂದಿನ ಜಾಗಕ್ಕೆ ಓಡಿದರು. ಇಬ್ಬರೂ ಬೇರೆ ಬೇರೆ ಥರದ ಸ್ಟ್ರೈಕರ್‌ಗಳು. ಪುರುಷರ ತಂಡದಲ್ಲಿ ಒಬ್ಬನೂ ಇಲ್ಲದೆ ಒದ್ದಾಡುತ್ತಿದ್ದೇವೆ. 2024ರ ಆಗಸ್ಟ್‌ನಲ್ಲಿ ಸ್ಟ್ರೈಕರ್ ಎನ್‌ಕೆಟಿಯಾನನ್ನು ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಿ ಅವನ ಜಾಗಕ್ಕೆ ಇನ್ನೊಬ್ಬ ಸ್ಟ್ರೈಕರ್ ತರಲಿಲ್ಲ. ಜನವರಿಯಲ್ಲಿ ವಾಟ್ಕಿನ್ಸ್‌ಗೆ ಕೇಳಿದರು, ವಿಲ್ಲಾ ಕೊಡಲಿಲ್ಲ. ಅಲ್ಲಿಗೆ ಸುಮ್ಮನಾದರು. ಇದಕ್ಕೆ ತಂತ್ರದ ಹೆಸರು ಕೊಡಬೇಡಿ. ಇದು ತಯಾರಿ ಇಲ್ಲದ್ದು.

ಕಾರ್ನರ್ ಧ್ವಜ:

ಚಪ್ಪಾಳೆ. ಇದಕ್ಕೆ ಎದುರು ಮಾತಿಲ್ಲ.

ಮೂರನೇ ಓಟ:

ಸರಿ, ಈಗ ಹೆಸರುಗಳಿಗೆ ಬರೋಣ. ಆಟಗಾರರ ಖರೀದಿ ನೋಡಿಕೊಳ್ಳುವ ಹೊಸ ಸ್ಪೋರ್ಟಿಂಗ್ ಡೈರೆಕ್ಟರ್ ಆಂಡ್ರಿಯಾ ಬೆರ್ಟಾ ಬಂದಿದ್ದಾರೆ. ಗಾಳಿಯಲ್ಲಿ ಕೇಳಿಬರುತ್ತಿರುವುದು ಮೂರು ಹೆಸರು: ಗ್ಯೋಕೆರೆಸ್, ಷೆಷ್ಕೊ, ಇಸಾಕ್. ಇಸಾಕ್ ಈ ವರ್ಷ ಲೀಗ್‌ನಲ್ಲಿ 23 ಗೋಲು. ನ್ಯೂಕ್ಯಾಸಲ್ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದಿದೆ, ಸುಲಭಕ್ಕೆ ಬಿಡುವುದಿಲ್ಲ. ಅವನ ಆಸೆ ಬಿಡೋಣ. ಉಳಿದವರಲ್ಲಿ ಯಾರು?

ಹಳೇ ಹೈಬರಿ:

ಗ್ಯೋಕೆರೆಸ್. ಪೋರ್ಚುಗಲ್ ಲೀಗ್‌ನಲ್ಲಿ ಈ ಸೀಸನ್ 39 ಗೋಲು, ಎಲ್ಲಾ ಸೇರಿ 54. ಅವನ ಕ್ಲಬ್ ಸ್ಪೋರ್ಟಿಂಗ್ ಎರಡು ವರ್ಷ ಸತತ ಚಾಂಪಿಯನ್. ಸಿಟಿ ವಿರುದ್ಧ ಚಾಂಪಿಯನ್ಸ್ ಲೀಗ್‌ನಲ್ಲಿ ಹ್ಯಾಟ್ರಿಕ್. ಕವೆಂಟ್ರಿಯಲ್ಲಿ ಆಡಿದವನು, ಇಂಗ್ಲೆಂಡ್‌ನ ಒದೆತ ಗುದ್ದಾಟ ಗೊತ್ತು. ವಯಸ್ಸು 27, ಈಗಲೇ ಗೋಲು ಬೇಕಾದ ತಂಡಕ್ಕೆ ಕಾಯುವ ಹುಡುಗ ಯಾಕೆ?

ನಾಲ್ಕನೇ ನಂಬರ್ ಜರ್ಸಿ:

ನವೆಂಬರ್‌ನಲ್ಲಿ ಲಿಸ್ಬನ್‌ಗೆ ಹೋಗಿ ನಾವು ಸ್ಪೋರ್ಟಿಂಗ್ ವಿರುದ್ಧ 5-1 ಗೆದ್ದ ಪಂದ್ಯವನ್ನು ಒಂದು ಸಲ ಬರೀ ಗ್ಯೋಕೆರೆಸ್‌ನನ್ನೇ ನೋಡುತ್ತಾ ನೋಡಿ ಸರ್. ಸಲಿಬಾ, ಗ್ಯಾಬ್ರಿಯೆಲ್ ಇಬ್ಬರೂ ಅವನಿಗೆ ತಿರುಗಲು ಬಿಡಲಿಲ್ಲ. ಗ್ಯಾಬ್ರಿಯೆಲ್ ಗೋಲು ಹೊಡೆದು ಗ್ಯೋಕೆರೆಸ್‌ನದೇ ಸಂಭ್ರಮದ ಭಂಗಿ ಮಾಡಿ ತೋರಿಸಿದ. ಬೆನ್ನು ಗೋಲಿಗೆ ಕೊಟ್ಟು ಚೆಂಡು ಹಿಡಿದುಕೊಳ್ಳುವುದು ಅವನ ದೊಡ್ಡ ಬಲ ಅಲ್ಲ. ಅವನ ಬಲ ಬೇರೆ. ಸೆಂಟರ್ ಬ್ಯಾಕ್ ಮತ್ತು ಫುಲ್ ಬ್ಯಾಕ್ ಮಧ್ಯದ ಸಂದಿಗೆ, ಅದರಲ್ಲೂ ಎಡಗಡೆಯ ಸಂದಿಗೆ ಓಡುತ್ತಾನೆ. ಮೈಯಿಂದ ತಳ್ಳಿಕೊಂಡೇ ಓಡುತ್ತಾನೆ. ಚೆಂಡು ಬೇಗ ಬಂದರೆ ಅವನನ್ನು ಹಿಡಿಯುವುದು ಕಷ್ಟ. ತಡವಾಗಿ ಬಂದರೆ ಆಫ್‌ಸೈಡ್, ಇಲ್ಲವೇ ಮೂಲೆಗೆ ಸಿಕ್ಕಿಬೀಳುತ್ತಾನೆ.

ಷೆಷ್ಕೊ ಬೇರೆ ಥರ. ಈಗಷ್ಟೇ 22 ತುಂಬಿತು, 1.95 ಮೀಟರ್ ಎತ್ತರ, ಅಷ್ಟು ಎತ್ತರಕ್ಕೆ ನಂಬಲಾಗದ ವೇಗ, ಎರಡೂ ಕಾಲಲ್ಲಿ ಬಲವಾದ ಶಾಟ್. ಲೈಪ್‌ಜಿಗ್‌ನಲ್ಲಿ ಈ ವರ್ಷ ಲೀಗ್‌ನಲ್ಲಿ 13 ಗೋಲು. ಕ್ರಾಸ್ ಬಂದರೆ ಇವನು ಮೇಲು. ಆದರೆ ಇನ್ನೂ ಬೆಳೆಯಬೇಕು. ಪಂದ್ಯದ ಮಧ್ಯೆ ಕಾಣೆಯಾಗುತ್ತಾನೆ.

ಹತ್ತನೇ ನಂಬರ್:

ಇಲ್ಲಿಗೇ ಬರಬೇಕಿತ್ತು ಮಾತು. ಯಾರನ್ನು ತರುತ್ತೀರಿ ಅನ್ನುವುದು ಹೇಗೆ ಆಡುತ್ತೀರಿ ಅನ್ನುವುದಕ್ಕೆ ಹೊಂದಬೇಕು. ಗ್ಯೋಕೆರೆಸ್ ಬಂದರೆ ಸಲಿಬಾ, ರೈಸ್, ಓಡೆಗಾರ್ಡ್ ಮೂವರೂ ಅಭ್ಯಾಸ ಬದಲಾಯಿಸಬೇಕು. ಚೆಂಡು ಕಸಿದ ತಕ್ಷಣ ತಲೆ ಎತ್ತಿ ಎಡ ಸಂದಿ ನೋಡಬೇಕು. ಹತ್ತರಲ್ಲಿ ಆರು ಪಾಸ್ ಹಾಳಾಗಲಿ ಪರವಾಗಿಲ್ಲ. ನಮ್ಮ ಕೋಚ್ ಆರ್ಟೆಟಾಗೆ ಇದೇ ಕಷ್ಟ ಅಂತ ನನ್ನ ಅನಿಸಿಕೆ. ಚೆಂಡು ಕಳೆದುಕೊಳ್ಳುವುದು ಅವರಿಗೆ ಇಷ್ಟ ಇಲ್ಲ. ಕಳೆದುಕೊಂಡರೆ ಕೌಂಟರ್, ಅಂದರೆ ದಿಢೀರ್ ಮರುದಾಳಿ, ಬರುತ್ತದೆ, ಅದನ್ನು ತಡೆಯಲು ಎಲ್ಲರೂ ಸರಿಯಾದ ಜಾಗದಲ್ಲಿ ಇರಬೇಕು, ಅದಕ್ಕೆ ನಿಧಾನವಾಗಿ ಮುಂದೆ ಸಾಗಬೇಕು. 34 ಗೋಲು ಮಾತ್ರ ಬಿಟ್ಟುಕೊಟ್ಟ ಡಿಫೆನ್ಸ್ ಬಂದಿದ್ದು ಇದರಿಂದಲೇ. ಲೀಗ್‌ನಲ್ಲಿ ಅದಕ್ಕಿಂತ ಕಡಿಮೆ ಬಿಟ್ಟವರು ಯಾರೂ ಇಲ್ಲ. ಆ ಡಿಫೆನ್ಸ್‌ಗೆ ಕೊಟ್ಟ ಬೆಲೆ ದಾಳಿಯ ವೇಗ.

ಷೆಷ್ಕೊ ಬಂದರೆ ಬೇರೆ ಬದಲಾವಣೆ. ಸಾಕಾ ಚೆಂಡು ನಿಲ್ಲಿಸಿ ಇಬ್ಬರನ್ನು ದಾಟಲು ನೋಡುವ ಮೊದಲೇ ಟಿಂಬರ್ ಕ್ರಾಸ್ ಹಾಕಬೇಕು. ಲೆಸ್ಟರ್‌ನಲ್ಲಿ ಫೆಬ್ರವರಿಯಲ್ಲಿ ಏನಾಯಿತು? ಎಂಬತ್ತನೇ ನಿಮಿಷದವರೆಗೂ ಗೋಲಿಲ್ಲ. ಮೆರಿನೊ ಬೆಂಚ್‌ನಿಂದ ಬಂದು ಮುಂದೆ ನಿಂತಿದ್ದ. 17 ವರ್ಷದ ನ್ವಾನೆರಿ ಬಲಗಡೆಯಿಂದ ಎಡಗಾಲಲ್ಲಿ ಒಳಗೆ ಬಾಗಿಸಿದ, ಮೆರಿನೊ ತಲೆ ಕೊಟ್ಟ. ಆಮೇಲೆ ಟ್ರೊಸಾರ್ ಪಾಸ್, ಎರಡನೆಯದೂ ಮೆರಿನೊ. 2-0. ಬಾಕ್ಸ್‌ನಲ್ಲಿ ತಲೆ ಒಂದು ಇದೆ ಅಂತ ಗೊತ್ತಾದ ಮೇಲೆ ಕ್ರಾಸ್ ಹಾಕಲು ಧೈರ್ಯ ಬಂತು.

@ನಾಲ್ಕನೇ ನಂಬರ್ ಜರ್ಸಿ, ತಗೊಳ್ಳುವವನು ಇಲ್ಲದೆ ಕೊಡುವವನು ಇರುವುದಿಲ್ಲ ಅಂದಿರಿ. ಲೆಸ್ಟರ್ ಪಂದ್ಯ ನಿಮ್ಮ ಮಾತಿಗೇ ಸಾಕ್ಷಿ. ಆದರೆ ಮರುವಾರ ವೆಸ್ಟ್ ಹ್ಯಾಮ್ ವಿರುದ್ಧ ಅದೇ ಮೆರಿನೊ ಮೊದಲ ನಿಮಿಷದಿಂದ ಮುಂದೆ ಇದ್ದ, ಅಂಥ ಕ್ರಾಸ್ ಬರಲೇ ಇಲ್ಲ. ಎರಡೂ ಒಟ್ಟಿಗೇ ಬರಬೇಕು.

ಉತ್ತರ ಲಂಡನ್ ಕೆಂಪು:

ಎಡಗಡೆಯ ಮಾತು ಯಾರೂ ಆಡುತ್ತಿಲ್ಲ. ಗ್ಯೋಕೆರೆಸ್ ಎಡ ಸಂದಿಗೆ ಓಡಿದರೆ ಮಾರ್ಟಿನೆಲ್ಲಿ ಎಲ್ಲಿಗೆ ಹೋಗುತ್ತಾನೆ? ಇಬ್ಬರೂ ಒಂದೇ ಜಾಗಕ್ಕೆ ಓಡುವವರು.

ಹತ್ತನೇ ನಂಬರ್:

ಒಳ್ಳೆ ಪ್ರಶ್ನೆ. ನನ್ನ ಲೆಕ್ಕದಲ್ಲಿ ಅವನು ಓಡಿದಾಗ ಮಾರ್ಟಿನೆಲ್ಲಿ ಮಧ್ಯಕ್ಕೆ ಬರಬೇಕು, ದೂರದ ಪೋಸ್ಟ್‌ಗೆ ಸಾಕಾ. ಎಡ ಗೆರೆಯ ಅಗಲವನ್ನು ಲೂಯಿಸ್-ಸ್ಕೆಲ್ಲಿ ನೋಡಿಕೊಳ್ಳಬೇಕು. ಹುಡುಗ ಸಾಮಾನ್ಯವಾಗಿ ಒಳಗೆ ಮಿಡ್‌ಫೀಲ್ಡ್‌ಗೆ ಬರುತ್ತಾನೆ, ಆದರೆ ಮ್ಯಾಡ್ರಿಡ್ ವಿರುದ್ಧ 3-0 ಗೆದ್ದಾಗ ಮೂರನೇ ಗೋಲಿಗೆ ಎಡಗಡೆಯಿಂದ ಮುಂದೆ ಬಂದು ಮೆರಿನೊಗೆ ಪಾಸ್ ಕೊಟ್ಟಿದ್ದು ಅವನೇ. ಮಾಡಬಲ್ಲ.

ಹಳೇ ಹೈಬರಿ:

ಇಷ್ಟೆಲ್ಲ ಓದಿದ ಮೇಲೂ ನಾನು ನನ್ನ ಮಾತು ಬಿಡುವುದಿಲ್ಲ. ಪ್ಯಾರಿಸ್‌ನ ಎರಡನೇ ಲೆಗ್‌ನ ಮೊದಲ ಕಾಲು ಗಂಟೆ ನಾವು ಅವರನ್ನು ನಡುಗಿಸಿದೆವು. ಪಾರ್ಟೆಯ ಉದ್ದನೆಯ ಥ್ರೋಗಳು ಬಾಕ್ಸ್‌ಗೆ ಬೀಳುತ್ತಿದ್ದವು. ಮಾರ್ಟಿನೆಲ್ಲಿಗೆ ಅವಕಾಶ, ಓಡೆಗಾರ್ಡ್‌ಗೆ ಅವಕಾಶ, ಎರಡನ್ನೂ ಡೊನ್ನರುಮ್ಮಾ ತಡೆದ. ಕೊನೆಗೆ ಅವರು 2-1 ಮುಂದಿದ್ದಾಗ ಸಾಕಾ ಕಾಲಿಗೆ ಬಂದ ಚೆಂಡು ಬಾರ್ ಮೇಲೆ ಹೋಯಿತು. ಚೆಂಡು ಬಂದಿತ್ತು ಹತ್ತನೇ ನಂಬರ್ ಅವರೇ. ಆ ಮೂರರಲ್ಲಿ ಒಂದು ಹುಟ್ಟಾ ಸ್ಟ್ರೈಕರ್ ಕಾಲಿಗೆ ಸಿಕ್ಕಿದ್ದರೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹತ್ತನೇ ನಂಬರ್:

ಆ ರಾತ್ರಿಯ ಮಟ್ಟಿಗೆ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ ಸರ್. ಆದರೆ ಆ ಕಾಲು ಗಂಟೆ ನಾವು ಹೇಗೆ ಆಡಿದೆವು ನೋಡಿ. ಚೆಂಡು ಸಿಕ್ಕ ಕೂಡಲೇ ಬಾಕ್ಸ್‌ಗೆ. ಹಾಗೆ ಆಡಿದ್ದರಿಂದಲೇ ಅವಕಾಶ ಬಂತು. ಎವರ್ಟನ್ ವಿರುದ್ಧ, ಫಾರೆಸ್ಟ್ ವಿರುದ್ಧ ಹಾಗೆ ಆಡಿದ್ದನ್ನು ನಾನು ನೋಡಿಲ್ಲ.

ನಾಲ್ಕನೇ ನಂಬರ್ ಜರ್ಸಿ:

ಹಾಗಾದರೆ ಆಗಸ್ಟ್‌ನಲ್ಲಿ ಮೊದಲ ಪಂದ್ಯ ನೋಡುವಾಗ ಎಲ್ಲರೂ ಒಂದು ಕೆಲಸ ಮಾಡೋಣ. ಯಾರೇ ಬಂದಿರಲಿ, ಚೆಂಡು ಬಲಗಡೆ ಸಾಕಾ ಹತ್ತಿರ ಇದ್ದಾಗ ಸಾಕಾನನ್ನು ನೋಡಬೇಡಿ. ಬಾಕ್ಸ್ ಒಳಗೆ ನೋಡಿ. ಹೊಸಬ ಹತ್ತಿರದ ಪೋಸ್ಟ್‌ಗೆ ಓಡುತ್ತಾನಾ, ಅವನ ಹಿಂದೆ ಖಾಲಿಯಾದ ಜಾಗಕ್ಕೆ ಇನ್ನೊಬ್ಬ ಬರುತ್ತಾನಾ, ಅಷ್ಟರಲ್ಲಿ ಸಾಕಾ ಚೆಂಡು ಬಿಡುತ್ತಾನಾ ಅಥವಾ ಮತ್ತೆ ಹಿಂದಕ್ಕೆ ಕೊಡುತ್ತಾನಾ. ಪಂದ್ಯ ಮುಗಿದ ಮೇಲೆ ಕಂಡಿದ್ದನ್ನು ಇಲ್ಲೇ ಬರೆಯಿರಿ.

ಹೊಸ ಬೂಟು:

ನಾನು ಬರೆಯುತ್ತೇನೆ. ಎಡಗಡೆಯದನ್ನೂ ಯಾರಾದರೂ ನೋಡಿ, ಮಾರ್ಟಿನೆಲ್ಲಿ ಎಷ್ಟು ಸಲ ಗೆರೆ ಬಿಟ್ಟು ಒಳಗೆ ಬಂದ ಅಂತ.